ಕಾಲಕ್ಕೆ ತಕ್ಕ ಅಡುಗೆ, ಎಲ್ಲರಿಗೂ ಊಟ



ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಏನು ಅಡುಗೆ? ಮೊದಲು ಉಂಡವರು ಯಾರು? ಎಲ್ಲರಿಗಿಂತ ಕೊನೆಗೆ ಉಂಡವರು ಯಾರು? ಅವರ ತಟ್ಟೆಯಲ್ಲಿ ಏನು ಉಳಿದಿತ್ತು?

ಈ ಪಾಠ ಓದುವ ಮೊದಲು ಒಂದು ನಿಮಿಷ ನೆನಪು ಮಾಡಿಕೊಳ್ಳಿ. ಯಾಕೆ ಕೇಳಿದೆ ಅಂತ ಮುಂದೆ ಹೇಳುತ್ತೇನೆ.

ತೂಕಡಿಸುತ್ತಿದ್ದ ಅಕ್ಕ

ಪೆದ್ದಕಡುಬೂರು ಕಡೆಯ ಒಂದು ಕೇಂದ್ರದಲ್ಲಿ ರಾತ್ರಿ ಪಾಠ ನಡೆಯುತ್ತಿತ್ತು. ಒಬ್ಬ ಅಕ್ಕ ದಿನಾ ಬರುತ್ತಿದ್ದರು. ಸ್ಲೇಟು ಹಿಡಿದು ಕೂತ ಹತ್ತು ನಿಮಿಷಕ್ಕೆ ತೂಕಡಿಸುತ್ತಿದ್ದರು. ಅವರಿಗೆ ಓದುವ ಆಸೆ ಇಲ್ಲ ಅಂತ ನಾನು ತಿಳಿದೆ. ಒಂದು ದಿನ ಎಲ್ಲರ ಮುಂದೆ ಸ್ವಲ್ಪ ಗದರಿಯೂ ಬಿಟ್ಟೆ. ಆ ಅಕ್ಕ ಏನೂ ಅನ್ನಲಿಲ್ಲ. ತಲೆ ತಗ್ಗಿಸಿ ಕೂತರು.

ಮರುವಾರ ಬರೆಯುವ ಪಾಠ ಇತ್ತು. "ನಿನ್ನೆ ನಾನು ಉಂಡದ್ದು" ಅಂತ ಎಲ್ಲರೂ ಮೂರು ಸಾಲು ಬರೆಯಿರಿ ಎಂದೆ. ಆ ಅಕ್ಕ ಕಷ್ಟಪಟ್ಟು ಬರೆದರು. ಬೆಳಿಗ್ಗೆ ಚಾ. ಮಧ್ಯಾಹ್ನ ಅನ್ನ, ಖಾರ. ರಾತ್ರಿ ಅನ್ನ, ತಿಳಿ ಸಾರು. ಅಷ್ಟೇ.

"ಬ್ಯಾಳಿ, ಪಲ್ಲೆ ಮಾಡಿರಲಿಲ್ಲವಾ ಅಕ್ಕಾ?" ಅಂತ ಕೇಳಿದೆ.

"ಮಾಡಿದ್ದೆ ಮೇಡಂ. ಗಂಡಸರು, ಮಕ್ಕಳು ಉಂಡ ಮ್ಯಾಲೆ ತಳದಾಗ ಏನೂ ಇರಲಿಲ್ರಿ" ಅಂದರು.

ನನಗೆ ನಾಚಿಕೆ ಆಯಿತು. ನಾನೇ ಅವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿಸಿದೆವು. ಎಂಟೂವರೆ ಬಂತು. ಅವರಿಗೆ ಇದ್ದದ್ದು ಸೋಮಾರಿತನ ಅಲ್ಲ, ರಕ್ತಹೀನತೆ.

ರಕ್ತ ಕಡಿಮೆ ಅಂದರೆ ಏನು?

ನಮ್ಮ ರಕ್ತ ಕೆಂಪಾಗಿರುವುದು ಹಿಮೋಗ್ಲೋಬಿನ್ ಎಂಬ ವಸ್ತುವಿನಿಂದ. ಅದು ಉಸಿರಿನ ಗಾಳಿಯಲ್ಲಿರುವ ಆಮ್ಲಜನಕವನ್ನು ಮೈಯೆಲ್ಲ ತಲುಪಿಸುತ್ತದೆ. ಇದು ತಯಾರಾಗಲು ಕಬ್ಬಿಣದ ಅಂಶ ಬೇಕು. ಆ ಕಬ್ಬಿಣ ನಮಗೆ ಊಟದಿಂದಲೇ ಬರಬೇಕು.

ದೊಡ್ಡ ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂ ಆದರೂ ಇರಬೇಕು. ಬಸುರಿಗೆ 11, ಗಂಡಸರಿಗೆ 13 ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಆಗ ಸುಸ್ತು, ಏದುಸಿರು, ತಲೆ ತಿರುಗುವುದು, ಕಣ್ಣು ಕತ್ತಲೆ ಬರುವುದು ಆಗುತ್ತದೆ. ಹೆಂಗಸರಿಗೆ ತಿಂಗಳು ತಿಂಗಳು ರಕ್ತ ಹೋಗುತ್ತದೆ. ಹೆರಿಗೆಯಲ್ಲೂ ಹೋಗುತ್ತದೆ. ಅದಕ್ಕೇ ಅವರಿಗೆ ಕಬ್ಬಿಣದ ಅಂಶ ಗಂಡಸರಿಗಿಂತ ಹೆಚ್ಚು ಬೇಕು. ಆದರೆ ಮನೆಯಲ್ಲಿ ಕೊನೆಯ ತಟ್ಟೆ ಅವರದೇ. ಹೆಚ್ಚು ಬೇಕಾದವರಿಗೇ ಕಡಿಮೆ ಸಿಗುತ್ತದೆ.

ಜೋಳದಿಂದ ಅಕ್ಕಿಗೆ

ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. "ನಮ್ಮ ಕಾಲದಾಗ ಅನ್ನ ಅಂದ್ರೆ ಹಬ್ಬಕ್ಕೆ" ಅನ್ನುತ್ತಾರೆ. ನಮ್ಮದು ಕಪ್ಪು ಮಣ್ಣಿನ ಸೀಮೆ. ಇಲ್ಲಿ ಜೋಳ, ಸಜ್ಜೆ, ನವಣೆ ಬೆಳೆದು ಉಣ್ಣುತ್ತಿದ್ದರು. 1983ರಲ್ಲಿ ಆಂಧ್ರಪ್ರದೇಶ ಸರ್ಕಾರ ಎರಡು ರೂಪಾಯಿಗೆ ಕಿಲೋ ಅಕ್ಕಿ ಕೊಡಲು ಆರಂಭಿಸಿತು. ಹಸಿದ ಮನೆಗಳಿಗೆ ಅದರಿಂದ ಬಹಳ ಉಪಕಾರ ಆಯಿತು. ಅದನ್ನು ಮರೆಯಬಾರದು. ಆದರೆ ಹೊಲದಲ್ಲಿ ಹತ್ತಿ ಹೆಚ್ಚಾಯಿತು, ಜೋಳ ಕಡಿಮೆ ಆಯಿತು. ರೊಟ್ಟಿ ಬಡಿಯುವ ಸದ್ದು ಎಷ್ಟೋ ಮನೆಗಳಲ್ಲಿ ನಿಂತುಹೋಯಿತು.

ಈಗ ಲೆಕ್ಕ ನೋಡೋಣ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ. ಅಷ್ಟೇ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಇದೆ. ಸಜ್ಜೆಯಲ್ಲಿ 6ಕ್ಕಿಂತ ಹೆಚ್ಚು ಇದೆ. ರಾಗಿಯಲ್ಲಿ ಎಲುಬಿಗೆ ಬೇಕಾದ ಸುಣ್ಣದ ಅಂಶ 360 ಮಿಲಿಗ್ರಾಂನಷ್ಟು ಇದೆ. ಅಕ್ಕಿಯಲ್ಲಿ ಅದು 10ನ್ನೂ ಮುಟ್ಟುವುದಿಲ್ಲ.

ಅಕ್ಕಿ ಬಿಡಿ ಅಂತ ನಾನು ಹೇಳುವುದಿಲ್ಲ. ಸಿಗುವ ಅಕ್ಕಿಯನ್ನು ಯಾಕೆ ಬಿಡಬೇಕು? ದಿನಕ್ಕೆ ಒಂದು ಹೊತ್ತು ರೊಟ್ಟಿ ಇರಲಿ. ರೇಷನ್ ಅಂಗಡಿಯಲ್ಲಿ ಅಕ್ಕಿಯ ಬದಲು ಜೋಳ, ರಾಗಿ ಕೊಡುತ್ತಾರಾ ಅಂತ ಕೇಳಿ. 2023ನೇ ಇಸವಿಯನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಸಾರಿತ್ತು. ಪಟ್ಟಣದವರು ಇವನ್ನು ಈಗ ಹೆಚ್ಚು ಬೆಲೆ ಕೊಟ್ಟು ತಿನ್ನುತ್ತಾರೆ. ನಮಗೆ ಇದು ಹಿರಿಯರ ಊಟ.

ಹೆಸರು ಎರಡು, ಊಟ ಒಂದು

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಯಿತು. ಅಲ್ಲಿಯವರೆಗೆ ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆಮೇಲೆ ಕರ್ನೂಲು ಜಿಲ್ಲೆಗೆ ಸೇರಿದವು. ಅದಕ್ಕೇ ನಮ್ಮ ಕಡೆ ಎರಡು ಭಾಷೆ. ಮನೆಯಲ್ಲಿ ಪುಂಡಿ ಅನ್ನುತ್ತೇವೆ, ಸಂತೆಯಲ್ಲಿ ಗೋಂಗೂರ ಅನ್ನುತ್ತೇವೆ. ನವಣೆಯೇ ಕೊರ್ರ. ಜೋಳವೇ ಜೊನ್ನಲು. ಎರಡೂ ಹೆಸರು ಗೊತ್ತಿದ್ದರೆ ಅಂಗಡಿಯಲ್ಲೂ ಆಸ್ಪತ್ರೆಯಲ್ಲೂ ಅನುಕೂಲ.

ಈಗ ವರ್ಷದ ಕಾಲಗಳನ್ನು ಒಂದೊಂದಾಗಿ ನೋಡೋಣ.

ಮುಂಗಾರು: ಸೊಪ್ಪಿನ ಕಾಲ

ಕಾರ ಹುಣ್ಣಿಮೆಗೆ ಎತ್ತು ಸಿಂಗರಿಸುತ್ತೇವೆ, ಹೋಳಿಗೆ ಮಾಡುತ್ತೇವೆ. ಪಂಚಮಿಗೆ ಉಂಡಿ, ಅರಳು. ಶ್ರಾವಣದಲ್ಲಿ ಉರುಕುಂದ ಈರಣ್ಣನ ಜಾತ್ರೆ. ಹಬ್ಬದ ಊಟ ಚೆನ್ನಾಗಿಯೇ ಇರುತ್ತದೆ. ನಡುವಿನ ದಿನಗಳದೇ ಚಿಂತೆ. ಹೊಸ ಬೆಳೆ ಇನ್ನೂ ಬಂದಿರುವುದಿಲ್ಲ. ಹಳೆಯ ಕಾಳು ಮುಗಿದಿರುತ್ತದೆ. ಇದ್ದ ಹಣ ಬೀಜಕ್ಕೆ, ಗೊಬ್ಬರಕ್ಕೆ ಹೋಗಿರುತ್ತದೆ.

ಆದರೆ ಮಳೆ ಬಿದ್ದರೆ ಸೊಪ್ಪು ತಾನೇ ಬರುತ್ತದೆ. ಪುಂಡಿ, ರಾಜಗಿರಿ, ಕಿರಕಸಾಲಿ, ನುಗ್ಗೆ ಸೊಪ್ಪು. ಹೊಲದ ಬದುವಿನಲ್ಲಿ ನಾಲ್ಕು ಸಾಲು ಪುಂಡಿ ಹಾಕಿದರೆ ಮನೆಗೆ ಸಾಕು. ಮಾತ್ರ ಔಷಧಿ ಹೊಡೆದ ಹತ್ತಿ ಹೊಲದ ಸೊಪ್ಪು ತರಬೇಡಿ. ಅದರ ಮೇಲೆ ವಿಷ ಇರುತ್ತದೆ.

ಇನ್ನೊಂದು ಮಾತು. ಮಳೆಗಾಲದಲ್ಲಿ ಶೇಂಗಾಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ, ಕಹಿಯಾದ ಬೀಜ ಲಿವರ್ ಕೆಡಿಸುತ್ತದೆ. ಅದನ್ನು ಹುರಿದರೂ ವಿಷ ಹೋಗುವುದಿಲ್ಲ. ಆರಿಸಿ ಬಿಸಾಡಿ.

ಪುಂಡಿ ಪಲ್ಲೆ ಮಾಡೋಣ

ಬೇಕಾಗುವ ಸಾಮಾನು: ಪುಂಡಿ ಸೊಪ್ಪು 2 ಕಟ್ಟು. ತೊಗರಿ ಬೇಳೆ ಅರ್ಧ ಲೋಟ. ಜೋಳದ ನುಚ್ಚು ಕಾಲು ಲೋಟ. ಹಸಿ ಮೆಣಸಿನಕಾಯಿ 6. ಬೆಳ್ಳುಳ್ಳಿ ಒಂದು ಗಡ್ಡೆ. ಸಾಸಿವೆ, ಜೀರಿಗೆ, ಎಣ್ಣೆ, ಉಪ್ಪು.

1. ಸೊಪ್ಪನ್ನು ಮೊದಲು ತೊಳೆಯಿರಿ. ಆಮೇಲೆ ಬಿಡಿಸಿ.
2. ಬೇಳೆ, ನುಚ್ಚು ತೊಳೆದು ಬೇಯಲು ಇಡಿ.
3. ಅರ್ಧ ಬೆಂದಾಗ ಸೊಪ್ಪು, ಮೆಣಸಿನಕಾಯಿ ಹಾಕಿ.
4. ಮೆತ್ತಗಾದ ಮೇಲೆ ಉಪ್ಪು ಹಾಕಿ, ಕಡಗೋಲಿನಿಂದ ಮಸೆಯಿರಿ.
5. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಹಾಕಿ ಒಗ್ಗರಣೆ ಕೊಡಿ.

ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಲೆ, ಪಕ್ಕಕ್ಕೆ ಒಂದು ಉಳ್ಳಾಗಡ್ಡಿ. ಇದಕ್ಕಿಂತ ರುಚಿ ಬೇರೆ ಏನಿದೆ! ಬೇಳೆ, ಕಾಳು, ಸೊಪ್ಪು ಒಂದೇ ತಟ್ಟೆಗೆ ಬಂದವು.

ಹಿಂಗಾರು: ಕಾಳಿನ ಕಾಲ

ಚಳಿ ಬಂದರೆ ಅಡುಗೆಗೆ ಬರ ಇಲ್ಲ. ಅವರೆಕಾಯಿ, ಹಸಿ ಕಡಲೆ, ಬದನೆಕಾಯಿ ಬರುತ್ತವೆ. ಎಳೆ ಜೋಳ ಸುಟ್ಟು ಸೀತನಿ ತಿನ್ನುತ್ತೇವೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ಯುತ್ತೇವೆ. ಸಂಕ್ರಾಂತಿ ಮುಂಚಿನ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಲ್ಲ ತರಕಾರಿ ಸೇರಿಸಿದ ಪಲ್ಲೆ. ಚಳಿಯಲ್ಲಿ ಸಜ್ಜೆ, ಎಳ್ಳು ಮೈಗೆ ಒಳ್ಳೆಯದು ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಸಜ್ಜೆಯಲ್ಲಿ ಕಬ್ಬಿಣ, ಎಳ್ಳಿನಲ್ಲಿ ಸುಣ್ಣದ ಅಂಶ ಮತ್ತು ಎಣ್ಣೆ ಇವೆ.

ಕಡಲೆ ಗಿಡದ ಕುಡಿ ಚಿವುಟಿ ಪಲ್ಲೆ ಮಾಡಿ. ಕುಡಿ ಚಿವುಟಿದರೆ ಗಿಡ ಹೆಚ್ಚು ಕವಲು ಒಡೆಯುತ್ತದೆ. ಮನೆಗೂ ಲಾಭ, ಹೊಲಕ್ಕೂ ಲಾಭ. ಉಳಿದ ಕುಡಿಯನ್ನು ನೆರಳಲ್ಲಿ ಒಣಗಿಸಿ ಇಟ್ಟರೆ ಬೇಸಿಗೆಗೆ ಆಗುತ್ತದೆ.

ಹೆಸರು, ಮಡಿಕೆ, ಅಲಸಂದಿ, ಹುರುಳಿ ಕಾಳುಗಳನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಮೊಳಕೆ ಬಂದ ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಅದರ ಮೇಲೆ ನಿಂಬೆಹಣ್ಣು ಹಿಂಡಿದರೆ ಇನ್ನೂ ಒಳ್ಳೆಯದು. ಊಟದ ಜೊತೆ ಚಾ ಕುಡಿಯಬೇಡಿ. ಚಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಒಂದು ಗಂಟೆ ತಡೆದು ಕುಡಿಯಿರಿ.

ಗುಳೆ ಹೋಗುವ ಕಾಲ

ಸುಗ್ಗಿ ಮುಗಿಯುವ ಹೊತ್ತಿಗೆ ನಮ್ಮ ಊರುಗಳಲ್ಲಿ ಬೀಗ ಹಾಕಿದ ಮನೆ ಹೆಚ್ಚು. ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಗುಂಟೂರು ಕಡೆ ಹೋಗುತ್ತೇವೆ. ಕೆಲವರು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಕೆಲವರು ಅಜ್ಜಿಯ ಹತ್ತಿರ ಬಿಡುತ್ತಾರೆ. ಈ ಕಾಲದಲ್ಲಿ ಊಟ ಎರಡೂ ಕಡೆ ಕೆಡುತ್ತದೆ. ಹೋಗುವ ಮೊದಲು ಇಷ್ಟು ಮಾಡಿ.

ಒಂದು. ಒಣ ರೊಟ್ಟಿ ಬಡಿದು ಕಟ್ಟಿಕೊಳ್ಳಿ. ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಅಗಸೆ ಪುಡಿ ಮಾಡಿಕೊಳ್ಳಿ. ತೇವ ತಾಗದಿದ್ದರೆ ಇವು ಎಷ್ಟೋ ದಿನ ಕೆಡುವುದಿಲ್ಲ.

ಎರಡು. ರೇಷನ್ ಕಾರ್ಡಿನ ಅಕ್ಕಿಯನ್ನು ಹೋದ ಊರಿನಲ್ಲೂ ಬೆರಳಚ್ಚು ಕೊಟ್ಟು ತೆಗೆದುಕೊಳ್ಳಬಹುದು. ಆದರೆ ಒಂದೇ ಪಾಲನ್ನು ಎರಡು ಕಡೆ ಕೊಡುವುದಿಲ್ಲ. ಇಲ್ಲಿ ಅಜ್ಜಿ ತೆಗೆದುಕೊಳ್ಳಬೇಕಾ, ಅಲ್ಲಿ ನೀವು ತೆಗೆದುಕೊಳ್ಳಬೇಕಾ ಅಂತ ಮೊದಲೇ ಮಾತಾಡಿಕೊಳ್ಳಿ. ಅಜ್ಜಿಯ ಹೆಸರು ಕಾರ್ಡಿನಲ್ಲಿ ಇದೆಯಾ? ಈಗ ನಿಮಗೆ ಓದಲು ಬರುತ್ತದೆ. ನೀವೇ ನೋಡಿ.

ಮೂರು. ಅಜ್ಜಿಯ ಹತ್ತಿರ ಬಿಟ್ಟ ಮಕ್ಕಳನ್ನು ಶಾಲೆ ಬಿಡಿಸಬೇಡಿ. ಶಾಲೆಗೆ ಹೋದರೆ ಮಧ್ಯಾಹ್ನದ ಊಟ ಸಿಗುತ್ತದೆ. ಚಿಕ್ಕ ಮಕ್ಕಳನ್ನು ಅಂಗನವಾಡಿಗೆ ಕಳಿಸಲು ಅಜ್ಜಿಗೆ ಹೇಳಿ ಹೋಗಿ.

ಬೇಸಿಗೆ: ಅಂಬಲಿ, ಮಜ್ಜಿಗೆ

ಯುಗಾದಿಗೆ ಬೇವು ಬೆಲ್ಲ ತಿಂದ ಮೇಲೆ ಬಿಸಿಲು ಸುಡುತ್ತದೆ. ಊಟ ಸೇರುವುದಿಲ್ಲ. ಆಗ ಅಂಬಲಿಯೇ ಊಟ. ರಾಗಿ ಅಥವಾ ಜೋಳದ ಹಿಟ್ಟನ್ನು ನೀರಲ್ಲಿ ಕಲಸಿ, ಕುದಿಸಿ, ಆರಿಸಿ. ಮಜ್ಜಿಗೆ, ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ ಹಾಕಿ ಕುಡಿಯಿರಿ. ಹೊಲಕ್ಕೆ ಹೋಗುವಾಗ ಒಂದು ತಂಬಿಗೆ ಜೊತೆಗಿರಲಿ. ಹುಣಸೆ ಚಿಗುರು ಬಂದಾಗ ಬೇಳೆಗೆ ಹಾಕಿ. ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಒಣಗಿಸಲು ಇದೇ ಕಾಲ.

ಮಕ್ಕಳಿಗೆ ಭೇದಿ ಆದರೆ ನೀರು ನಿಲ್ಲಿಸಬೇಡಿ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಹಾಕಿ ಕಲಸಿ. ಚಮಚ ದಿಬ್ಬದಂತೆ ತುಂಬಬಾರದು, ಮಟ್ಟಸವಾಗಿರಬೇಕು. ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಾ ಆಸ್ಪತ್ರೆಗೆ ತೋರಿಸಿ.

ಮಾತ್ರೆಯೂ ಬೇಕು

ರಕ್ತ ಬಹಳ ಕಡಿಮೆ ಇದ್ದರೆ ಊಟ ಒಂದರಿಂದಲೇ ತುಂಬುವುದಿಲ್ಲ. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ನುಂಗಬೇಕು. ಬಸುರಿಯರಿಗೆ ಈ ಮಾತ್ರೆಯನ್ನು ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುತ್ತಾರೆ. ಮೂರು ತಿಂಗಳು ಕಳೆದ ಮೇಲೆ ದಿನಕ್ಕೊಂದರಂತೆ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ. ಮಲ ಕಪ್ಪಗೆ ಆದರೆ ಹೆದರಬೇಡಿ. ಕೆಲವರಿಗೆ ಹೊಟ್ಟೆ ತೊಳೆಸಿದಂತೆ ಆಗುತ್ತದೆ. ಹಾಗಾದರೆ ಮಾತ್ರೆ ಬಿಡಬೇಡಿ, ಆಶಾ ಅಕ್ಕನನ್ನು ಕೇಳಿ. ಹೊಲದಲ್ಲಿ ಚಪ್ಪಲಿ ಹಾಕಿಕೊಳ್ಳಿ. ಬರಿಗಾಲಿನಿಂದ ಕೊಕ್ಕೆ ಹುಳ ಮೈಗೆ ಸೇರಿ ರಕ್ತ ಹೀರುತ್ತದೆ.

ಒಟ್ಟಿಗೆ ಕೂತು ಉಣ್ಣೋಣ

ಆ ಅಕ್ಕ ಮಾತ್ರೆ ನುಂಗಿದರು. ಮನೆಯಲ್ಲೂ ಒಂದು ಬದಲಾವಣೆ ಆಯಿತು. ಅವರು ಬರೆದ ಮೂರು ಸಾಲನ್ನು ಅವರ ಮಗಳು ಮನೆಯಲ್ಲಿ ಗಟ್ಟಿಯಾಗಿ ಓದಿದಳಂತೆ. ಗಂಡ ಕೇಳಿ ಸುಮ್ಮನಾದರಂತೆ. ಮರುದಿನ ರಾತ್ರಿ, "ನಿನ್ನ ತಟ್ಟೇನೂ ಹಚ್ಚು, ಎಲ್ಲರೂ ಕೂಡೇ ಉಣ್ಣೋಣು" ಅಂದರಂತೆ. ಅಡುಗೆ ಹೆಚ್ಚು ಮಾಡಲಿಲ್ಲ. ಖರ್ಚೂ ಹೆಚ್ಚಾಗಲಿಲ್ಲ. ಇದ್ದದ್ದನ್ನೇ ಮೊದಲು ಎಲ್ಲರ ತಟ್ಟೆಗೆ ಹಂಚಿಕೊಂಡರು.

ನಾಲ್ಕು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದಾಗ 11 ಬಂದಿತ್ತು. 12ಕ್ಕೆ ಇನ್ನೂ ಒಂದು ಬೇಕು. ಮಾತ್ರೆ ಮುಂದುವರಿಸಿದರು. ಈಗ ಪಾಠದಲ್ಲಿ ತೂಕಡಿಸುವುದಿಲ್ಲ. ನಾನು ತಪ್ಪು ಬರೆದರೆ ಅವರೇ ತೋರಿಸುತ್ತಾರೆ.

ಅಡುಗೆ ಮಾಡಿದವರಿಗೂ ಹಸಿವು ಇರುತ್ತದೆ. ಅಣ್ಣಂದಿರೇ, ಈ ಮಾತು ಮುಖ್ಯವಾಗಿ ನಿಮಗೆ. ತಟ್ಟೆ ಮುಂದೆ ಕೂತಾಗ ಒಂದು ಸಲ ಕೇಳಿ: "ನಿನಗೆ ಐತೇನು?"

ಬರೆಯಿರಿ

1. ನಿನ್ನೆ ನೀವು ಮೂರು ಹೊತ್ತು ಏನು ಉಂಡಿರಿ? ಮೂರು ಸಾಲು ಬರೆಯಿರಿ.
2. ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರು ಉಂಡದ್ದನ್ನೂ ಕೇಳಿ ಬರೆಯಿರಿ.
3. ಈ ತಿಂಗಳು ನಿಮ್ಮ ಹೊಲದಲ್ಲಿ, ಹಿತ್ತಲಲ್ಲಿ ಸಿಗುವ ಸೊಪ್ಪುಗಳ ಹೆಸರು ಬರೆಯಿರಿ.

ಬರೆದದ್ದನ್ನು ಮನೆಯಲ್ಲಿ ಎಲ್ಲರೂ ಕೇಳುವಂತೆ ಗಟ್ಟಿಯಾಗಿ ಓದಿ.