ಬನ್ನೇರುಘಟ್ಟ ರಸ್ತೆಯ ಸಹಪಂಕ್ತಿ

ಜಯನಗರದ ಆಸುಪಾಸಿನ ಒಂದು ಚರ್ಚಿಗೆ ಭಾನುವಾರ ಎರಡನೇ ಪೂಜೆಯ ಹೊತ್ತಿಗೆ ಹೋದರೆ ಒಬ್ಬ ತಾಯಿ ಸಿಗುತ್ತಾರೆ. ಒಳಗಲ್ಲ, ಹೊರಗೆ, ಸ್ಕೂಟರುಗಳ ಸಾಲಿನ ಪಕ್ಕ, ಹೊಂಗೆ ಮರದ ಕೆಳಗೆ. ಇಪ್ಪತ್ತು ದಾಟಿದ ಮಗನ ಕೈ ಅವರ ಕೈಯಲ್ಲಿರುತ್ತದೆ. ಸ್ಪೀಕರಿನಲ್ಲಿ ಆಮೆನ್ ಕೇಳಿದಾಗಲೆಲ್ಲ ಅವನೂ ಆಮೆನ್ ಅನ್ನುತ್ತಾನೆ, ತುಸು ತಡವಾಗಿ, ಎಲ್ಲರಿಗಿಂತ ಜೋರಾಗಿ. ಮೊದಲು ಒಳಗೇ ಕೂರುತ್ತಿದ್ದರು. ಈ ತಡವಾದ ಆಮೆನ್ನಿಗೆ ಮುಂದಿನ ಬೆಂಚಿನವರು ಒಮ್ಮೆ ತಿರುಗಿದರು, ಮತ್ತೊಮ್ಮೆ ತಿರುಗಿದರು. ಹೊರಗೆ ಹೋಗಿ ಅಂತ ಯಾರೂ ಅನ್ನಲಿಲ್ಲ. ಅನ್ನಬೇಕಾಗಿಯೂ ಬರಲಿಲ್ಲ.

ಅದೇ ಚರ್ಚಿನ ಬಾಗಿಲಿಗೆ ಗಾಲಿಕುರ್ಚಿಯವರಿಗೆಂದು ಒಂದು ಇಳಿಜಾರು ಇದೆ. ಮೆಟ್ಟಿಲು ಮೂರು, ಒಂದೊಂದೂ ಆರು ಇಂಚು, ಒಟ್ಟು ಎತ್ತರ ಒಂದೂವರೆ ಅಡಿ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಲೆಕ್ಕ ಹಿಡಿದರೆ ಇಳಿಜಾರು 18 ಅಡಿ ಉದ್ದ ಇರಬೇಕು. ಇದು ಆರಡಿಯೂ ಇಲ್ಲ. ಅದರ ಮೇಲೆ ಎರಡು ಕ್ರೋಟನ್ ಕುಂಡ. ನೋಡಲು ಚೆನ್ನಾಗಿದೆ ಅನ್ನಿ.

ಕ್ರೈಸ್ತರಿಗೆ ಸೇವೆ ಹೊಸದಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧ ಕೊಡಲು ಶುರುಮಾಡಿ, 1890ರ ಹೊತ್ತಿಗೆ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಮುಟ್ಟಲು ಜನ ಅಂಜುತ್ತಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಆದರೆ ಆ ಬಗೆಯ ಸೇವೆಗೆಲ್ಲ ನಕ್ಷೆ ಹೆಚ್ಚುಕಡಿಮೆ ಒಂದೇ: ಬೇರೆ ಕಾಂಪೌಂಡು, ಬೇರೆ ಕಟ್ಟಡ, ನೋಡಿಕೊಳ್ಳಲು ಸಿಸ್ಟರುಗಳು. ಉಳಿದ ಸಭೆಯವರು ತಪಸ್ಸು ಕಾಲದಲ್ಲಿ ಕಾಣಿಕೆ ಡಬ್ಬಿ ತುಂಬಿಸುತ್ತಾರೆ, ಕ್ರಿಸ್ಮಸ್ಸಿಗೆ ಕೇಕು ಹಿಡಿದು ಹೋಗಿ ಹಾಡಿ ಬರುತ್ತಾರೆ. ಬಡಿಸುವವರು ಬಡಿಸುತ್ತಾರೆ, ಉಣ್ಣುವವರು ಉಣ್ಣುತ್ತಾರೆ. ಇಬ್ಬರೂ ಒಂದೇ ಸಾಲಿನಲ್ಲಿ ಕೂರುವುದಿಲ್ಲ. ಪಂಕ್ತಿಭೇದ ಅನ್ನುವ ಮಾತನ್ನು ನಾವು ಜಾತಿಗೆ ಮಾತ್ರ ಬಳಸಿ ಅಭ್ಯಾಸ. ಇಲ್ಲಿಯೂ ಅದು ಸಲ್ಲುತ್ತದೆ.

ಆ ಸಾಲನ್ನು ಕಲಸಿದ ಒಂದು ಮನೆ ನಮ್ಮ ಕಡೆಯೇ ಇದೆ. ಡೇರಿ ಸರ್ಕಲ್ ಕಡೆಯಿಂದ ಬನ್ನೇರುಘಟ್ಟ ರಸ್ತೆಗೆ ಹೊರಳಿದವರು ಟ್ರಾಫಿಕ್ಕಿನ ಚಿಂತೆಯಲ್ಲಿ ಗಮನಿಸದೆ ದಾಟಿಹೋಗುವ ಆಶಾ ನಿಕೇತನ. 1970ರಲ್ಲಿ ಶುರುವಾದದ್ದು. ಅದರ ಬೇರು ಹುಡುಕಿದರೆ ಫ್ರಾನ್ಸಿನ ತ್ರೋಲಿ-ಬ್ರೂಯ್ ಎಂಬ ಹಳ್ಳಿಗೆ ಹೋಗಬೇಕು.

1964ರ ಆಗಸ್ಟಿನಲ್ಲಿ ಜೀನ್ ವಾನಿಯೇ ಎಂಬ ಕೆನಡಾದವನು ಆ ಹಳ್ಳಿಯಲ್ಲಿ ಒಂದು ಹಳೆಯ ಮನೆ ಹಿಡಿದ. ನೌಕಾಪಡೆ ಬಿಟ್ಟು ಅರಿಸ್ಟಾಟಲ್ ಮೇಲೆ ಡಾಕ್ಟರೇಟ್ ಮಾಡಿದವನು. ತಂದೆ ಕೆನಡಾದ ಗವರ್ನರ್ ಜನರಲ್. ಬುದ್ಧಿಮಾಂದ್ಯರ ಸಂಸ್ಥೆಯೊಂದರಿಂದ ರಫಾಯೆಲ್ ಸಿಮಿ, ಫಿಲಿಪ್ ಸೂ ಎಂಬಿಬ್ಬರನ್ನು ತನ್ನ ಜೊತೆ ಇರಲು ಕರೆತಂದ. ತಂದೆತಾಯಿ ತೀರಿಕೊಂಡ ಮೇಲೆ ಸಂಸ್ಥೆ ಸೇರಿದ್ದವರು ಅವರು. ಮನೆಯಲ್ಲಿ ಸರಿಯಾದ ಶೌಚಾಲಯವೂ ಇರಲಿಲ್ಲ. ಅಡುಗೆ ಮಾಡಿ, ಜೊತೆಗೆ ಕೂತು ಉಂಡು, ಪಾತ್ರೆ ತೊಳೆದರು. ನೋಹನ ನಾವೆಯ ಹೆಸರನ್ನೇ ಮನೆಗೆ ಇಟ್ಟರು: ಲಾರ್ಶ್. ಇವತ್ತು 30ಕ್ಕೂ ಹೆಚ್ಚು ದೇಶಗಳಲ್ಲಿ ಅಂಥ ಸುಮಾರು 150 ಬಳಗಗಳಿವೆ.

ವಾನಿಯೇಗೆ ಗಾಂಧಿಯ ಮೇಲೆ ಒಲವು. ಆಶ್ರಮವೆಂದರೆ ಹೇಗೆ ಬದುಕುತ್ತಾರೆ, ದುಡಿಮೆಗೂ ಪ್ರಾರ್ಥನೆಗೂ ಏನು ನಂಟು ಎಂಬುದನ್ನು ಅಲ್ಲಿಂದಲೇ ಕಲಿತಂತಿದೆ. 1969ರಲ್ಲಿ ಭಾರತಕ್ಕೆ ಬಂದ. ಬೆಂಗಳೂರಿನ ಮನೆಯನ್ನು ನಿಂತು ಕಟ್ಟಿದವಳು ಗೇಬ್ರಿಯೆಲ್ ಐನ್ಸ್ಲೆ ಎಂಬ ಹೆಂಗಸು. ಸ್ಥಾಪಕರ ಪಟ್ಟಿಯಲ್ಲಿ ಗಂಡಸಿನ ಹೆಸರು ಮೇಲೆ ಬರುತ್ತದೆ, ಒಲೆ ಹೊತ್ತಿಸಿದವಳದು ಕೆಳಗೆ. ಇದಕ್ಕೆ ಧರ್ಮಭೇದವಿಲ್ಲ.

ಕಾಲವೂ ಹದವಾಗಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿದಿತ್ತು. ಬೇರೆ ಧರ್ಮಗಳಲ್ಲಿ ಸತ್ಯವಾದುದನ್ನು ಚರ್ಚು ತಳ್ಳಿಹಾಕುವುದಿಲ್ಲ ಎಂಬ ಘೋಷಣೆ ಅದೇ ವರ್ಷ ಬಂದಿತ್ತು. ಆರತಿ, ದೀಪ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವುದು, ಇವನ್ನೆಲ್ಲ ಪೂಜೆಯೊಳಗೆ ತರುವ ಪ್ರಯೋಗಗಳಿಗೆ ಅಮಲೋರ್ಪವದಾಸ್ ಎಂಬ ಗುರುಗಳು 1967ರಲ್ಲಿ ಬೆಂಗಳೂರಿನಲ್ಲೇ ಕೇಂದ್ರ ತೆರೆದಿದ್ದರು. ಈ ಗಾಳಿಯಲ್ಲಿ ಆಶಾ ನಿಕೇತನ ಹುಟ್ಟಿತು, ಭಾರತದ ಮೊದಲ ಲಾರ್ಶ್ ಮನೆಯಾಗಿ. ಮುಂದೆ ಕೋಲ್ಕತ್ತ, ಚೆನ್ನೈ, ಕೇರಳದ ನಂದಿಬಜಾರ್‌ಗಳಲ್ಲೂ ಮನೆಗಳಾದವು.

ಫ್ರಾನ್ಸಿನ ಆ ಮನೆಯಲ್ಲಿ ಎಲ್ಲರೂ ಕಥೋಲಿಕರು. ಇಲ್ಲಿ ಬಂದು ಸೇರಿದವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲ ಇದ್ದರು. ಹಾಗಾಗಿ ಪ್ರಾರ್ಥನೆಯೂ ಕೂಡುಪ್ರಾರ್ಥನೆಯಾಯಿತು. ಬೌದ್ಧಿಕ ತೊಂದರೆ ಇರುವವರಿಗೂ ಇಲ್ಲದವರಿಗೂ ಒಂದೇ ಮನೆ, ಒಂದೇ ಅಡುಗೆ. ಹೇಳಲು ಸುಲಭ. ಮಾಡುವವರನ್ನು ಕೇಳಿ: ಹಲ್ಲುಜ್ಜಿಸುವುದಕ್ಕೆ ಅರ್ಧ ಗಂಟೆ, ಅಂಗಿಯ ಗುಂಡಿ ಅವರೇ ಹಾಕಿಕೊಳ್ಳಲಿ ಎಂದು ಕೈಕಟ್ಟಿ ಕಾಯುವುದಕ್ಕೆ ಇನ್ನರ್ಧ ಗಂಟೆ. ಆ ಕಾಯುವುದೇ ಕಷ್ಟದ ಕೆಲಸ.

1970ರಲ್ಲಿ ಬೌದ್ಧಿಕ ತೊಂದರೆ ಇರುವವರಿಗೆಂದು ಕಾನೂನಿನ ಆಸರೆ ಇರಲಿಲ್ಲ. ಅಂಗವಿಕಲರ ಹಕ್ಕಿನ ಕಾಯ್ದೆ ಬಂದದ್ದು 1995ರಲ್ಲಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಇರುವವರಿಗೆ ಪಾಲಕರನ್ನು ನೇಮಿಸಲು ದಾರಿ ಮಾಡಿದ ನ್ಯಾಷನಲ್ ಟ್ರಸ್ಟ್ ಕಾಯ್ದೆ 1999ರದು. 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಹೆಸರುಗಳೂ ಬದಲಾದವು: ಅಂಗವಿಕಲ, ವಿಕಲಚೇತನ, ವಿಶೇಷಚೇತನ. ಕ್ರೋಟನ್ ಕುಂಡ ಮಾತ್ರ ಇದ್ದಲ್ಲೇ ಇದೆ.

ಯಾರ ಪಾಪಕ್ಕೆ ಇವನು ಹೀಗೆ ಹುಟ್ಟಿದ ಎಂಬ ಪ್ರಶ್ನೆ ನಮ್ಮಲ್ಲಿ ಕರ್ಮದ ಹೆಸರಿನಲ್ಲಿ ಬರುತ್ತದೆ. ಯೊವಾನ್ನನ ಶುಭಸಂದೇಶದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಅದನ್ನೇ ಕೇಳುತ್ತಾರೆ: ತಪ್ಪು ಇವನದೋ, ಹೆತ್ತವರದೋ? ಯೇಸು ಎರಡನ್ನೂ ಅಲ್ಲಗಳೆಯುತ್ತಾನೆ. ಎರಡು ಸಾವಿರ ವರ್ಷ ಓದಿದ ಮೇಲೂ ಪೂಜೆ ಮುಗಿಸಿ ಹೊರಬರುವ ಕೆಲವು ಹಿರಿಯರು ಆ ತಾಯಿಯನ್ನು ಸುತ್ತುಬಳಸಿ ಕೇಳುವುದು ಅದನ್ನೇ. ಲೂಕನಲ್ಲಿ ಇನ್ನೊಂದು ಕಥೆ. ಕರೆದವರು ಔತಣಕ್ಕೆ ಬಾರದಿದ್ದಾಗ ಯಜಮಾನ ಬೀದಿಯ ಕುಂಟರನ್ನೂ ಕುರುಡರನ್ನೂ ಕರೆತರಿಸುತ್ತಾನೆ. ಆಳು ಬಂದು, ಇನ್ನೂ ಜಾಗ ಮಿಕ್ಕಿದೆ ಎನ್ನುತ್ತಾನೆ.

ಲಾರ್ಶ್ ಮನೆಗಳಲ್ಲಿ ಬೇರೂರಿದ ಒಂದು ಪದ್ಧತಿ ನನಗೆ ಬಹಳ ಹಿಡಿಸುತ್ತದೆ. ಪವಿತ್ರ ಗುರುವಾರ ಚರ್ಚಿನಲ್ಲಿ ಗುರುಗಳು ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಲಾರ್ಶ್‌ನಲ್ಲಿ ಎಲ್ಲರೂ ದುಂಡಗೆ ಕೂತು ಒಬ್ಬರು ಇನ್ನೊಬ್ಬರ ಪಾದ ತೊಳೆಯುತ್ತಾರೆ. ಬೇರೆ ಬೇರೆ ಪಂಥದವರು ಕೂಡಿದಲ್ಲಿ ಪರಮಪ್ರಸಾದವನ್ನು ಒಟ್ಟಿಗೆ ಸ್ವೀಕರಿಸಲು ನಿಯಮ ಅಡ್ಡ ಬರುತ್ತದೆ. ನೀರಿಗೆ, ಬಟ್ಟಲಿಗೆ, ಟವೆಲ್ಲಿಗೆ ಅಡ್ಡಿಯಿಲ್ಲ. ದಿನಾ ಬೆಳಗ್ಗೆ ಯಾರಿಗೆ ಸ್ನಾನ ಮಾಡಿಸುತ್ತಾರೋ ಅವರೇ ಆ ಸಂಜೆ ಬಗ್ಗಿ, ನೀರು ಚೆಲ್ಲುತ್ತ, ಸ್ನಾನ ಮಾಡಿಸುವವರ ಕಾಲು ತೊಳೆಯುತ್ತಾರೆ. ಬೆರಳ ಸಂದು ಒರೆಸುವುದನ್ನು ಮರೆಯಬಹುದು, ಒಂದೇ ಕಾಲನ್ನು ಎರಡು ಸಲ ತೊಳೆಯಬಹುದು. ಇವರು ಸುಮ್ಮನೆ ಕಾಲು ಚಾಚಿ ಕೂತಿರಬೇಕು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚಂದ. ವಾನಿಯೇ 2015ರಲ್ಲಿ ಟೆಂಪಲ್ಟನ್ ಪ್ರಶಸ್ತಿ ಪಡೆದ, 2019ರ ಮೇ ತಿಂಗಳಲ್ಲಿ ತೀರಿಕೊಂಡ. ಬದುಕಿರುವಾಗಲೇ ಸಂತ ಎಂದವರು ಬಹಳ. 2020ರ ಫೆಬ್ರುವರಿಯಲ್ಲಿ ಲಾರ್ಶ್ ಸಂಸ್ಥೆ ತಾನೇ ಮಾಡಿಸಿದ ತನಿಖೆಯ ವರದಿ ಹೊರಬಂತು: ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಅವನು ಕನಿಷ್ಠ ಆರು ಹೆಂಗಸರನ್ನು ಲೈಂಗಿಕವಾಗಿ ಶೋಷಿಸಿದ್ದ. 2023ರ ದೊಡ್ಡ ವರದಿಯಲ್ಲಿ ಆ ಸಂಖ್ಯೆ 25ಕ್ಕೆ ಏರಿತು. ಅವರಲ್ಲಿ ಬೌದ್ಧಿಕ ವೈಕಲ್ಯ ಇದ್ದವರು ಯಾರೂ ಇರಲಿಲ್ಲ ಎಂದು ವರದಿ ಹೇಳಿತು. ಅದು ಸಮಾಧಾನ ಕೊಡುವ ಮಾತೇನೂ ಅಲ್ಲ. ನೊಂದವರ ಜೊತೆಗಿರುವುದನ್ನು ಲೋಕಕ್ಕೆ ಬೋಧಿಸಿದವನೇ ನೋಯಿಸಿದ್ದ. ಅವನ ಪುಸ್ತಕಗಳು ನನ್ನ ಕಪಾಟಿನಲ್ಲಿ ಹಿಂದಿನ ಸಾಲಿಗೆ ಹೋದವು. ಎಸೆಯಲಾಗಲಿಲ್ಲ, ಓದಲೂ ಆಗಲಿಲ್ಲ.

ಒಂದನ್ನು ಮಾತ್ರ ಮೆಚ್ಚುತ್ತೇನೆ. ತಮ್ಮ ಸ್ಥಾಪಕನ ಮೇಲೆ ತಾವೇ ತನಿಖೆ ಮಾಡಿಸಿ, ಮುಚ್ಚಿಡದೆ ಜಗತ್ತಿನ ಮುಂದೆ ಇಟ್ಟರು. ನಮ್ಮ ಮಠ, ಚರ್ಚು, ಟ್ರಸ್ಟುಗಳಲ್ಲಿ ಎಷ್ಟು ಇದನ್ನು ಮಾಡಿಯಾವು? ಮೊದಲ ವರದಿ ಬಂದ ದಿನ ಶನಿವಾರ. ಅಂದೂ ಮನೆ ಮನೆಯಲ್ಲಿ ಯಾರೋ ಒಬ್ಬರಿಗೆ ಯಾರೋ ಒಬ್ಬರು ಅನ್ನ ಕಲಸಿ ಕೊಟ್ಟಿರಲೇಬೇಕು.

ಹೊಂಗೆ ಮರದ ಕೆಳಗಿನ ಹುಡುಗನಿಗೆ ಪ್ರಥಮ ಪರಮಪ್ರಸಾದ ಇನ್ನೂ ಆಗಿಲ್ಲ. ಜ್ಞಾನೋಪದೇಶದ ಟೀಚರು ಹಿಂದೊಮ್ಮೆ, ಅವನಿಗೆ ಅರ್ಥ ಆಗುತ್ತಾ ಎಂದು ಕೇಳಿದ್ದರಂತೆ. ವೈಕಲ್ಯ ಇರುವವರಿಗೂ ಅವರವರ ಶಕ್ತಿಗೆ ತಕ್ಕಂತೆ ಉಪದೇಶ ಸಿಗುವಂತೆ ನೋಡಿಕೊಳ್ಳಬೇಕೆಂದು 1983ರ ಕ್ಯಾನನ್ ಕಾನೂನಿನ 777ನೇ ವಿಧಿ ಧರ್ಮಕೇಂದ್ರದ ಗುರುಗಳಿಗೇ ಹೊಣೆ ಹೊರಿಸಿದೆ. ಹೋದ ಭಾನುವಾರ ಇದನ್ನು ಆ ತಾಯಿಗೆ ಹೇಳಿದೆ. ಅವರು ತಲೆಯಾಡಿಸಿದರು. ಬನ್ನೇರುಘಟ್ಟ ರಸ್ತೆಯ ಮನೆಯ ಕಥೆಯನ್ನೂ ಹೇಳಿದೆ, ತ್ರೋಲಿಯಿಂದ ಹಿಡಿದು ವರದಿಯವರೆಗೆ, ಏನನ್ನೂ ಬಿಡದೆ. ಒಳಗೆ ಆಮೆನ್ ಆಯಿತು. ಮಗನೂ ಆಮೆನ್ ಎಂದ.

ಅವರು ಸೆರಗಿನಿಂದ ಅವನ ಬಾಯಿ ಒರೆಸಿ ಕೇಳಿದರು: "ಸರ್, ಅಲ್ಲಿ ಜಾಗ ಇದ್ಯಾ? ನಂಗೀಗ ಅರವತ್ತೆರಡು."

ವಿಚಾರಿಸಿ ಹೇಳ್ತೀನಮ್ಮ ಎಂದೆ.