ಡಬಲ್ ಶಾಕ್ ಸೈಕಲ್ ಬೇಕಾ? ಬಜೆಟ್ 15 ಸಾವಿರದೊಳಗಾದ್ರೆ ಬೇಡ

ಸಕಲೇಶಪುರದ ಕಡೆ ತೋಟದ ದಾರಿಯೂ ಉಂಟು, ಹೊಂಡ ಬಿದ್ದ ಡಾಂಬರೂ ಉಂಟು. ಹೀಗಾಗಿ ಸೈಕಲ್ ಅಂಗಡಿಗೆ ಬಂದ ಹುಡುಗರ ಕಣ್ಣು ಮೊದಲು ಬೀಳೋದು ಡಬಲ್ ಶಾಕ್ ಮೇಲೆ. ಮುಂದೆಯೂ ಸ್ಪ್ರಿಂಗ್, ಸೀಟಿನ ಕೆಳಗೂ ಸ್ಪ್ರಿಂಗ್, ನೋಡೋಕೆ ಬೈಕೇ. ಮುಂದೆ ಮಾತ್ರ ಶಾಕ್ ಇರುವ ಹಾರ್ಡ್‌ಟೇಲ್ ಅದರ ಪಕ್ಕ ಸಪ್ಪೆ ಕಾಣುತ್ತೆ.

ಆದ್ರೆ 15 ಸಾವಿರದೊಳಗೆ ಹಾರ್ಡ್‌ಟೇಲೇ ಸರಿ. ಒಳ್ಳೆಯ ಫುಲ್ ಸಸ್ಪೆನ್ಷನ್ ಸೈಕಲ್ ಸಾಮಾನ್ಯವಾಗಿ ಲಕ್ಷದ ಮೇಲೆ. ಅದರ ಹಿಂದಿನ ಶಾಕ್‌ನಲ್ಲಿ ಕುಣಿತ ತಡೆಯೋ ಎಣ್ಣೆಯ ಡ್ಯಾಂಪರ್ ಇರುತ್ತೆ. ಅಗ್ಗದ್ದರಲ್ಲಿ ಹೆಚ್ಚಾಗಿ ಬರೀ ಸ್ಪ್ರಿಂಗ್. ಏರಿನಲ್ಲಿ ಎದ್ದು ನಿಂತು ತುಳಿದ್ರೆ ಸೈಕಲ್ಲೇ ಕುಣಿಯುತ್ತೆ. ತುಳಿದ ಶಕ್ತಿಯ ಒಂದು ಪಾಲು ಚಕ್ರಕ್ಕೆ ಹೋಗದೆ ಸ್ಪ್ರಿಂಗ್ ಒತ್ತೋಕೇ ಖರ್ಚು. ಕಬ್ಬಿಣದ ಫ್ರೇಮ್ ಬೇರೆ, ಭಾರ ಜಾಸ್ತಿ. ಫ್ರೇಮ್ ಆಡುವ ಕೀಲಿನಲ್ಲಿ ಮಳೆಗಾಲದ ಕೆಸರು ಸೇರಿ ಬುಷ್ ಸವೆದರೆ ಹಿಂದಿನ ಚಕ್ರ ಅಲ್ಲಾಡೋಕೆ ಶುರು. ಆ ಅಳತೆಯ ಬುಷ್ ಹುಡುಕೋದೂ ಕಷ್ಟ, ಕ್ಯಾರಿಯರ್ ಕೂರಿಸೋದೂ ತಲೆನೋವು.

ಹಾರ್ಡ್‌ಟೇಲ್‌ನಲ್ಲಿ ಹಿಂದಿನ ಶಾಕ್‌ನ ದುಡ್ಡು ಉಳಿಯುತ್ತಲ್ಲ, ಅದಕ್ಕೆ ಒಳ್ಳೆ ಬ್ರೇಕ್, ಗೇರ್ ಕೇಳಬಹುದು. ಇಳಿಜಾರಲ್ಲಿ ಜೀವ ಕಾಯೋದು ಬ್ರೇಕೇ: ಮಳೆಗೆ ರಿಮ್ ಒದ್ದೆಯಾದ್ರೆ ರಬ್ಬರ್ ಬ್ರೇಕ್ ಹಿಡಿಯೋದು ತಡ, ಡಿಸ್ಕ್ ಅಷ್ಟು ಕೈಕೊಡಲ್ಲ. ಸೊಂಟಕ್ಕೆ ಏಟು ಅನ್ನೋರು 2 ಇಂಚಿಗಿಂತ ಅಗಲದ ಟೈರ್ ನೋಡಿ. ಟೈರ್ ಮೇಲೆ ಬರೆದ ಮಿತಿಯೊಳಗೇ ಗಾಳಿ ಸ್ವಲ್ಪ ಕಡಿಮೆ ಇಟ್ರೂ ಎಷ್ಟೋ ವಾಸಿ.

ದುಡ್ಡು ಕೊಡೋ ಮುಂಚೆ ಹತ್ತಿರದ ಏರಿನಲ್ಲಿ ಎರಡನ್ನೂ ಒಂದೊಂದು ಸುತ್ತು ತುಳಿಸಿ ನೋಡಿ. ನೀವಲ್ಲ, ಮಗನೇ ತುಳೀಲಿ.