ಹೆಸರು ಮರೆಸಿದರೆ ಗುರುತು ಮರೆಯಾಗುವುದೇ?

ನಮ್ಮ ಕಕ್ಷಿದಾರರಾದ ಹಾರ್ಡ್‌ವೇರ್ ವರ್ತಕರೊಬ್ಬರು ಕೆಲವು ತಿಂಗಳುಗಳ ಹಿಂದೆ ಬಹಳ ಉದ್ವಿಗ್ನರಾಗಿ ಕಚೇರಿಗೆ ಬಂದರು. ತೆರಿಗೆ ಇಲಾಖೆಯವನೆಂದು ಹೇಳಿಕೊಂಡ ಒಬ್ಬಾತ ದೂರವಾಣಿಯಲ್ಲಿ ಅವರ ಪ್ಯಾನ್ ಸಂಖ್ಯೆ, ಜಿಎಸ್‌ಟಿ ಸಂಖ್ಯೆ, ನೋಂದಣಿಯ ದಿನಾಂಕ, ಅಂಗಡಿಯ ವಿಳಾಸ, ಕೊನೆಗೆ ಹಿಂದಿನ ತಿಂಗಳ ರಿಟರ್ನನ್ನು ಯಾವ ದಿನ ಸಲ್ಲಿಸಿದ್ದರೆಂಬುದನ್ನೂ ತಪ್ಪಿಲ್ಲದೆ ಒಪ್ಪಿಸಿದನಂತೆ. ನೋಟಿಸು ಹೊರಡುವ ಮುನ್ನ ಹಣ ಸಂದಾಯ ಮಾಡಬೇಕೆಂದು ಒಂದು ಕೊಂಡಿಯನ್ನೂ ಕಳುಹಿಸಿದ್ದನು. ಆ ಹೊತ್ತಿಗೆ ಅಂಗಡಿಗೆ ಬಂದ ಮಗ ತಡೆದುದರಿಂದ ಹಣ ಹೋಗಲಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ ಆ ರಾತ್ರಿ ನನ್ನನ್ನು ನಿದ್ರಿಸಗೊಡಲಿಲ್ಲ: “ಇಷ್ಟು ವಿವರ ತಿಳಿದಿರುವುದು ನನಗೆ ಮತ್ತು ನಿಮಗೆ ಮಾತ್ರ. ನಿಮ್ಮ ಕಚೇರಿಯಿಂದಲೇ ಹೋಯಿತೆ ಸ್ವಾಮಿ?”

ಉತ್ತರವು ಅವರ ಅಂಗಡಿಯ ನಾಮಫಲಕದಲ್ಲಿಯೇ ಇತ್ತು. ಜಿಎಸ್‌ಟಿ ನಿಯಮಾವಳಿಯ 18ನೇ ನಿಯಮದಂತೆ ನೋಂದಣಿ ಸಂಖ್ಯೆಯನ್ನು ಫಲಕದ ಮೇಲೆ ಪ್ರದರ್ಶಿಸಲೇಬೇಕು. 15 ಅಕ್ಷರಾಂಕಗಳ ಆ ಸಂಖ್ಯೆಯಲ್ಲಿ ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಅನಂತರದ ಹತ್ತು ಅಕ್ಷರಾಂಕಗಳು ಪ್ಯಾನ್ ಸಂಖ್ಯೆಯಲ್ಲದೆ ಬೇರೇನೂ ಅಲ್ಲ. ಕಂಪನಿಯಾದರೆ ಅದು ಕಂಪನಿಯ ಪ್ಯಾನ್. ಏಕಮಾಲೀಕತ್ವದ ವ್ಯಾಪಾರವಾದರೆ ಮಾಲೀಕನ ಸ್ವಂತ ಪ್ಯಾನ್. ಅದೇ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದ ಶೋಧ ಪುಟದಲ್ಲಿ ನಮೂದಿಸಿದರೆ ಹೆಸರು, ವಿಳಾಸ, ರಿಟರ್ನ್ ಸಲ್ಲಿಸಿದ ದಿನಾಂಕ ಎಲ್ಲವೂ ಕಾಣುತ್ತವೆ. ಮೊಬೈಲ್ ಸಂಖ್ಯೆಯಂತೂ ಬಿಲ್ಲಿನ ತಲೆಯ ಮೇಲೆಯೇ ಅಚ್ಚಾಗಿತ್ತು. ಅವರ ಎದುರಿನಲ್ಲಿಯೇ ಗಣಕಯಂತ್ರ ತೆರೆದು ತೋರಿಸಿದೆ. ಐದು ನಿಮಿಷ ಸಾಕಾಯಿತು.

ಇಲ್ಲಿ ಯಾರೂ ಬೀಗ ಒಡೆದಿಲ್ಲ. ಎರಡು ಪುಸ್ತಕಗಳನ್ನು ಎದುರಿಗಿಟ್ಟು ತಾಳೆ ನೋಡಿದ್ದಾರೆ, ಅಷ್ಟೆ. ನಮ್ಮ ವೃತ್ತಿಯಲ್ಲಿ ಇದು ನಿತ್ಯದ ಕೆಲಸ. ಒಂದು ಲೆಡ್ಜರಿನಲ್ಲಿ ಕಾಣದ್ದು ಮತ್ತೊಂದರೊಡನೆ ಹೋಲಿಸಿದಾಗ ತಾನಾಗಿ ಹೊರಬೀಳುತ್ತದೆ. ಮನುಷ್ಯರ ವಿಷಯದಲ್ಲಿಯೂ ಇದು ನಿಜವೆಂಬುದು 2006ರ ಆಗಸ್ಟ್‌ನಲ್ಲಿ ಜಗತ್ತಿಗೆ ತಿಳಿಯಿತು. ಅಮೆರಿಕದ ಎಓಎಲ್ ಸಂಸ್ಥೆಯು ಸಂಶೋಧಕರ ಉಪಯೋಗಕ್ಕೆಂದು ಸುಮಾರು ಆರೂವರೆ ಲಕ್ಷ ಬಳಕೆದಾರರು ಮೂರು ತಿಂಗಳಲ್ಲಿ ನಡೆಸಿದ್ದ ಸುಮಾರು 2 ಕೋಟಿ ಹುಡುಕಾಟಗಳನ್ನು ಪ್ರಕಟಿಸಿತು. ಹೆಸರುಗಳನ್ನು ತೆಗೆದು ಅಂಕಿಗಳನ್ನು ಇಡಲಾಗಿತ್ತು. ಆದರೂ ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ವರದಿಗಾರರು ಒಂದು ಅಂಕಿಯ ಹಿಂದಿದ್ದ ವೃದ್ಧ ಮಹಿಳೆಯ ಮನೆಯನ್ನೇ ಪತ್ತೆಹಚ್ಚಿದರು. ಆಕೆ ತನ್ನ ಊರಿನ ಬಗ್ಗೆ, ಬಂಧುಗಳ ಕುಲನಾಮದ ಬಗ್ಗೆ ಹುಡುಕಿದ್ದುದೇ ಸುಳಿವಾಯಿತು. ಸಂಸ್ಥೆ ಕ್ಷಮೆ ಕೋರಿ ಕಡತವನ್ನು ತೆಗೆಯಿತಾದರೂ ಪ್ರತಿಗಳು ಅದಾಗಲೇ ಹರಡಿದ್ದವು. ಇದಕ್ಕೂ ಮೊದಲು, 2000ನೆಯ ಇಸವಿಯಲ್ಲಿಯೇ, ಲಟಾನ್ಯಾ ಸ್ವೀನಿ ಎಂಬ ವಿದುಷಿಯು ಪಿನ್‌ಕೋಡ್, ಜನ್ಮದಿನಾಂಕ ಮತ್ತು ಲಿಂಗ ಈ ಮೂರೇ ಸಂಗತಿಗಳಿಂದ ಅಮೆರಿಕದ ಜನಸಂಖ್ಯೆಯಲ್ಲಿ ಶೇಕಡಾ 87ರಷ್ಟು ಮಂದಿಯನ್ನು ಪ್ರತ್ಯೇಕವಾಗಿ ಗುರುತಿಸಬಹುದೆಂದು ಅಂದಾಜು ಮಾಡಿದ್ದರು.

ಜನ್ಮದಿನಾಂಕದ ವಿಚಾರ ಬಂದುದರಿಂದ ಒಂದು ಮಾತು. ಆದಾಯ ತೆರಿಗೆ ರಿಟರ್ನಿನ ಸ್ವೀಕೃತಿ ಮತ್ತು ವಾರ್ಷಿಕ ಮಾಹಿತಿ ವಿವರಣೆಯ ಕಡತಗಳಿಗೆ ಬೀಗವಿರುವುದನ್ನು ಸದಸ್ಯರು ಬಲ್ಲರು. ಬ್ಯಾಂಕಿನ ಬಡ್ಡಿ, ಷೇರು ಖರೀದಿ, ಆಸ್ತಿ ವ್ಯವಹಾರ ಎಲ್ಲವೂ ಆ ವಿವರಣೆಯಲ್ಲಿ ಅಡಕವಾಗಿರುತ್ತವೆ. ಅದರ ಬೀಗದ ಕೈ ಯಾವುದು? ಪ್ಯಾನ್ ಸಂಖ್ಯೆ ಮತ್ತು ಜನ್ಮದಿನಾಂಕ. ಇವೆರಡೂ ಒಂದೇ ಪ್ಯಾನ್ ಕಾರ್ಡಿನ ಮೇಲೆ ಅಕ್ಕಪಕ್ಕದಲ್ಲಿ ಅಚ್ಚಾಗಿವೆ! ಆ ಕಾರ್ಡಿನ ನಕಲನ್ನು ನಾವು ವಸತಿಗೃಹಕ್ಕೂ ಸಿಮ್ ಕಾರ್ಡಿನ ಅಂಗಡಿಗೂ ಧಾರಾಳವಾಗಿ ಕೊಡುತ್ತೇವೆ.

ನನ್ನ ಕಚೇರಿ ನಿರ್ದೋಷಿಯೆಂದು ವರ್ತಕರಿಗೆ ತೋರಿಸಿದ ಮೇಲೂ ಸಮಾಧಾನವಾಗದೆ ಮರುದಿನ ನಮ್ಮ ಕಡತಗಳನ್ನೇ ಪರಿಶೀಲಿಸಿದೆ. ಎಲ್ಲ ಕಕ್ಷಿದಾರರ ಪ್ಯಾನ್, ಜನ್ಮದಿನಾಂಕ, ಮೊಬೈಲ್, ಪಾಸ್‌ವರ್ಡ್‌ಗಳನ್ನೊಳಗೊಂಡ ಒಂದೇ ಎಕ್ಸೆಲ್ ಹಾಳೆ ನಾಲ್ಕು ಗಣಕಯಂತ್ರಗಳಲ್ಲಿತ್ತು. ಕೆಲಸ ಬಿಟ್ಟುಹೋದ ಇಬ್ಬರು ಸಹಾಯಕರ ಇ-ಮೇಲ್‌ಗೂ ಎಂದೋ ಹೋಗಿತ್ತು. ಅಂದು ಆ ವರ್ತಕರ ಸಂಶಯ ನಿಜವಾಗಿರಲಿಲ್ಲ ಎಂಬುದು ನನ್ನ ಅದೃಷ್ಟ, ಜಾಗರೂಕತೆಯಲ್ಲ. ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಲು ನಮಗೆ ಎರಡು ವಾರ ಹಿಡಿಯಿತು.

ಕಾನೂನಿನ ರಕ್ಷಣೆ ಇಲ್ಲವೇ ಎಂದು ಕೇಳಬಹುದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಬಂದಿತು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಬಹುತೇಕ ಕರ್ತವ್ಯಗಳ ಪಾಲನೆಗೆ 18 ತಿಂಗಳ ಕಾಲಾವಕಾಶ ನೀಡಲಾಯಿತು. ಮಾಹಿತಿಯನ್ನು ಭದ್ರವಾಗಿಡಲು ಸೂಕ್ತ ಕ್ರಮ ಕೈಗೊಳ್ಳದಿದ್ದಲ್ಲಿ ದಂಡ 250 ಕೋಟಿ ರೂಪಾಯಿಗಳವರೆಗೆ ಇದೆ. ಗಿರಾಕಿಗಳ ಮೊಬೈಲ್ ಸಂಖ್ಯೆಗಳನ್ನು ಗಣಕದಲ್ಲಿ ಸಂಗ್ರಹಿಸುವ ಬಟ್ಟೆ ಅಂಗಡಿಯೂ ಇದರ ವ್ಯಾಪ್ತಿಯೊಳಗೆ ಬರುತ್ತದೆಂಬುದನ್ನು ನಮ್ಮ ಸದಸ್ಯರಲ್ಲಿ ಅನೇಕರು ಇನ್ನೂ ಗಮನಿಸಿದಂತಿಲ್ಲ. ಆದರೆ ಅದೇ ಅಧಿನಿಯಮದ 3ನೇ ಪ್ರಕರಣವು ಕಾನೂನಿನ ಕಟ್ಟಳೆಯಂತೆ ಸಾರ್ವಜನಿಕವಾಗಿ ಪ್ರಕಟಗೊಂಡ ಮಾಹಿತಿಯನ್ನು ಹೊರಗಿರಿಸಿದೆ. ಅರ್ಥಾತ್, ನಾಮಫಲಕದ ಸಂಖ್ಯೆಗೆ ಈ ಕೊಡೆಯ ನೆರಳಿಲ್ಲ.

ಆದುದರಿಂದ ಪ್ಯಾನ್ ಸಂಖ್ಯೆಯನ್ನು ರಹಸ್ಯವೆಂದು ಭಾವಿಸುವುದನ್ನು ವರ್ತಕರು ಬಿಡಬೇಕು. ಅದನ್ನು ಹೇಳಬಲ್ಲವನು ಅಧಿಕಾರಿಯೇ ಆಗಿರಬೇಕೆಂಬ ನಂಬಿಕೆಯನ್ನೂ ಬಿಡಬೇಕು. ನೋಟಿಸಿನ ಮಾತು ಬಂದರೆ ಕರೆಯನ್ನು ಮುಗಿಸಿ, ಜಾಲತಾಣದಲ್ಲಿ ತಮ್ಮ ಖಾತೆಯನ್ನು ತಾವೇ ತೆರೆದು ನೋಡುವುದು ಕ್ಷೇಮ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಬಿಲ್ಲಿನ ಮೇಲಿನ ಮೊಬೈಲ್ ಸಂಖ್ಯೆ ಬೇರೆ, ಬ್ಯಾಂಕಿನ ಓಟಿಪಿ ಬರುವ ಸಂಖ್ಯೆ ಬೇರೆ ಇರಲಿ. ಆಧಾರ್ ನಕಲು ಕೇಳಿದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದಲೇ ಪಡೆಯಬಹುದು.

ಕಳೆದ ವಾರ ಅದೇ ವರ್ತಕರು ಸಾಲದ ನವೀಕರಣಕ್ಕಾಗಿ ಬಂದಿದ್ದರು. ಪ್ಯಾನ್ ನಕಲಿನ ಮೇಲೆ ಅಡ್ಡಲಾಗಿ ‘ಸಾಲ ನವೀಕರಣಕ್ಕೆ ಮಾತ್ರ’ ಎಂದು ಬರೆದು, ದಿನಾಂಕ ಹಾಕಿ ಕೊಟ್ಟರು. ನಮ್ಮ ಗುಮಾಸ್ತರು ಕಡತಕ್ಕೊಂದು ಪ್ರತಿ ಇರಲೆಂದು ಅದನ್ನು ಯಂತ್ರದ ಮೇಲಿಡಹೊರಟಾಗ, “ಅದೊಂದೇ ಸಾಕಲ್ಲವೇ?” ಎಂದು ಕೈ ಅಡ್ಡ ಹಿಡಿದರು.